ಅರ್ಧಕ್ಕೆ ಬಿಟ್ಟ ಗರಡಿ

ಕಳೆದ ದಸರೆಯಲ್ಲಿ ಒಂದು ಸುಳ್ಳು ಹೇಳಿದೆ. ಹೇಳಿದ್ದು "ಹ್ಞೂ" ಎಂಬ ಒಂದೇ ಅಕ್ಷರ, ಅದೂ ಗುರುತು ಪರಿಚಯವಿಲ್ಲದ ಹುಡುಗನೊಬ್ಬನಿಗೆ. ಆದರೂ ಹಲ್ಲಿನ ಸಂದಿಗೆ ಸಿಕ್ಕಿಕೊಂಡ ಕಡಲೆಸಿಪ್ಪೆಯ ಹಾಗೆ ಅದು ಇನ್ನೂ ಕಾಡುತ್ತಿದೆ. ಮೈಸೂರಿನ ದೊಡ್ಡಕೆರೆ ಮೈದಾನದ ದೇವರಾಜ ಅರಸು ಕ್ರೀಡಾಂಗಣದಲ್ಲಿ ಕುಸ್ತಿ ನೋಡಲು ಎಂದಿನಂತೆ ಮಧ್ಯಾಹ್ನವೇ ಹೋಗಿ ಕುಳಿತಿದ್ದೆ. ಅಖಾಡದಲ್ಲಿ ಪಡುವಾರಹಳ್ಳಿ ಕಡೆಯ ಹುಡುಗನೊಬ್ಬ ತನಗಿಂತ ಗೇಣುದ್ದ ಎತ್ತರದವನ ಬಲಗಾಲನ್ನು ಹಿಡಿದುಕೊಂಡು ಮುಂದೇನು ಮಾಡಬೇಕೆಂದು ತಿಳಿಯದೆ ತಬ್ಬಿಬ್ಬಾಗಿದ್ದ. ನನಗೆ ತಡೆಯಲಾಗಲಿಲ್ಲ. "ಕಾಲು ಬಿಡಬೇಡ, ತಲೆ ಒಳಗೆ ಹಾಕು, ಭುಜದಿಂದ ತಳ್ಳು" ಎಂದು ಗಂಟಲು ಹರಿಯುವಂತೆ ಕೂಗಿದೆ. ಪಕ್ಕದಲ್ಲಿ ಮೊಬೈಲ್ ಹಿಡಿದು ಚಿತ್ರೀಕರಿಸುತ್ತಿದ್ದ ಹುಡುಗ ನನ್ನತ್ತ ತಿರುಗಿ, ಕಣ್ಣಲ್ಲಿ ಒಂದಿಷ್ಟು ಗೌರವ ತುಂಬಿಕೊಂಡು, "ಸರ್, ನೀವು ಪೈಲ್ವಾನರಾ?" ಎಂದ. ನಾನು "ಹ್ಞೂ" ಎಂದೆ. ಆಮೇಲೆ ಸ್ವಲ್ಪ ಮಾನ ಉಳಿಸಿಕೊಳ್ಳಲು "ಹಿಂದೆ" ಎಂದು ಸೇರಿಸಿದೆ. ಆದರೆ ಆ "ಹಿಂದೆ" ಸುಳ್ಳನ್ನು ಇನ್ನಷ್ಟು ದೊಡ್ಡದು ಮಾಡಿತು. ಈಗ ಹೊಟ್ಟೆ ಬಂದಿರುವ ಈ ಮನುಷ್ಯ ಒಂದು ಕಾಲದಲ್ಲಿ ಹೇಗಿದ್ದಿರಬಹುದು ಎಂದು ಹುಡುಗ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದುದು ಅವನ ಮುಖದಲ್ಲಿ ಕಾಣುತ್ತಿತ್ತು.

ಒಂದು ಕಾಲದಲ್ಲಿ ನಾನು ಹತ್ತು ತಿಂಗಳು ಗರಡಿಗೆ ಹೋಗಿದ್ದೆ. ಒಂದು ಕುಸ್ತಿ ಆಡಿದ್ದೆ. ನನ್ನ ಪೈಲ್ವಾನಗಿರಿಯ ಒಟ್ಟು ಆಸ್ತಿ ಅಷ್ಟೇ.

ಮೈಸೂರಿನವರಿಗೆ ಇದು ಯಾಕೆ ದೊಡ್ಡ ಸುಳ್ಳೆಂದು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಆ ಹೆಸರು ಒಮ್ಮೆ ಅಂಟಿಕೊಂಡರೆ ಸಾಯುವವರೆಗೂ ಬಿಡುವುದಿಲ್ಲ. ದೇವರಾಜ ಮಾರುಕಟ್ಟೆಯಲ್ಲಿ ಸೇವಂತಿಗೆ ಮೊಳ ಹಾಕುವ ಎಪ್ಪತ್ತೈದರ ಮುದುಕನನ್ನೂ "ಪೈಲ್ವಾನ್ರೇ" ಎಂದೇ ಕರೆಯುತ್ತಾರೆ. ಮದುವೆಯ ಆಮಂತ್ರಣ ಪತ್ರಿಕೆಯಲ್ಲೂ ತಿಥಿಯ ಕಾರ್ಡಿನಲ್ಲೂ ಹೆಸರಿನ ಹಿಂದೆ ಅದು ಕುಳಿತಿರುತ್ತದೆ. ಊರು ಕೊಟ್ಟ ಪದವಿ ಅದು, ತಾನಾಗಿ ಯಾರೂ ಇಟ್ಟುಕೊಳ್ಳುವಂಥದ್ದಲ್ಲ.

ಮಟ್ಟಿ

ನಾನು ಹೋಗುತ್ತಿದ್ದ ಗರಡಿ ಕೆ.ಆರ್. ಮೊಹಲ್ಲಾದ ಒಂದು ಓಣಿಯಲ್ಲಿತ್ತು. ಹಳೆಯ ಗರಡಿಗಳ ಹಾಗೆಯೇ ನೆಲ ಬೀದಿಗಿಂತ ಕೆಳಗೆ, ಬಾಗಿಲು ಸೊಂಟದೆತ್ತರ. ತಲೆ ಬಗ್ಗಿಸದೆ ಒಳಗೆ ಹೋಗುವ ಹಾಗೇ ಇರಲಿಲ್ಲ. ಮೊದಲ ವಾರ ನನ್ನ ಹಣೆಯ ಮೇಲೆ ಎರಡು ಬೋರೆ ಎದ್ದಿದ್ದವು. ಒಳಗೆ ಹಗಲಿನಲ್ಲೂ ಅರೆಗತ್ತಲೆ. ಕೆಮ್ಮಣ್ಣು, ಬೆವರು, ಸಾಂಬ್ರಾಣಿ, ಹುಳಿ ಮಜ್ಜಿಗೆ ಎಲ್ಲ ಸೇರಿದ ಒಂದು ವಾಸನೆ. ಈಗಲೂ ಮಳೆ ಬಿದ್ದ ಮೇಲೆ ಎಲ್ಲರಿಗೂ ಮಣ್ಣಿನ ಪರಿಮಳ ಬಂದರೆ ನನ್ನ ಮೂಗು ಅದರಲ್ಲಿ ಮಜ್ಜಿಗೆಯನ್ನು ಹುಡುಕುತ್ತದೆ. ಮಟ್ಟಿ ಎಂದರೆ ಬರೀ ಮಣ್ಣಲ್ಲ. ಜರಡಿ ಹಿಡಿದ ಕೆಮ್ಮಣ್ಣಿಗೆ ಅರಿಶಿನ, ಬೇವಿನ ಪುಡಿ, ಎಣ್ಣೆ, ಮಜ್ಜಿಗೆ, ಹಬ್ಬದ ದಿನಗಳಲ್ಲಿ ತುಪ್ಪ ಬೆರೆಸಿ ಹದ ಮಾಡಬೇಕು. ಒಣಗಿದರೆ ಕಲ್ಲಾಗುತ್ತದೆ, ನೀರು ಹೆಚ್ಚಾದರೆ ಕೆಸರಾಗುತ್ತದೆ. ಬೆಳಗ್ಗೆ ಐದಕ್ಕೆ ಮೊದಲು ಬಂದವನು ಗುದ್ದಲಿ ಹಿಡಿದು ಅಗೆಯಬೇಕು, ಆಮೇಲೆ ಬಂದವರು ಹೆಂಟೆ ಒಡೆದು ಸಮ ಮಾಡಬೇಕು. ನಾನು ಜಾಣತನದಿಂದ ಐದೂಕಾಲಿಗೆ ಹೋಗುತ್ತಿದ್ದೆ.

ಗೋಡೆಯ ಮೇಲೆ ಆಂಜನೇಯನ ಪಟ, ಪಕ್ಕದಲ್ಲಿ ಬ್ರಿಟಿಷರ ಕಾಲದ ಹೆಸರಾಂತ ಮಲ್ಲ ಗಾಮಾ ಪೈಲ್ವಾನನ ಪಟ. ಆಂಜನೇಯನಿಗೆ ಕೈಮುಗಿದು, ಮಟ್ಟಿ ಮುಟ್ಟಿ ಕಣ್ಣಿಗೊತ್ತಿಕೊಂಡು, ಉಸ್ತಾದರಿಗೆ ಸಲಾಮು ಹೊಡೆದು ಅಖಾಡಕ್ಕೆ ಇಳಿಯುವುದು. ಹನುಮಂತನ ಮನೆಯಲ್ಲಿ ಗುರುವಿಗೆ ಉಸ್ತಾದ್ ಎನ್ನುವುದು ಯಾರಿಗೂ ವಿಚಿತ್ರವಾಗಿ ಕಂಡಿರಲಿಲ್ಲ. ಉಸ್ತಾದರು ಅರವತ್ತರ ಆಸುಪಾಸಿನವರು. ಕಿವಿಗಳೆರಡೂ ಮುದುಡಿದ ಹಲಸಿನ ತೊಳೆಯ ಹಾಗಿದ್ದವು. ಅವರು ಪಾಠ ಮಾಡಿದ್ದನ್ನು ನಾನು ನೋಡಿಯೇ ಇಲ್ಲ. ಮೊದಲ ಎರಡು ತಿಂಗಳು ದಂಡ, ಬಸ್ಕಿ, ಹಗ್ಗ ಹತ್ತುವುದು, ದೊಡ್ಡವರ ಮೈಗೆ ಎಣ್ಣೆ ತಿಕ್ಕುವುದು. ಮೂರನೆಯ ತಿಂಗಳಲ್ಲಿ ಒಂದು ದಿನ ಕರೆದು, ಎದುರು ನಿಲ್ಲಿಸಿ, ನನ್ನ ಕತ್ತಿನ ಹಿಂಭಾಗಕ್ಕೆ ಅಂಗೈ ಇಟ್ಟರು. ಒತ್ತಲಿಲ್ಲ, ಎಳೆಯಲಿಲ್ಲ, ಸುಮ್ಮನೆ ಇಟ್ಟರು. ಅರ್ಧ ನಿಮಿಷದಲ್ಲಿ ಕತ್ತಿನ ಮೇಲೆ ರಾಗಿ ಮೂಟೆ ಇಳಿಸಿದ ಹಾಗಾಯಿತು. "ಭಾರ ಎಲ್ಲಿದೆ?" ಎಂದರು. "ಕತ್ತಿನ ಮೇಲೆ" ಎಂದೆ. ಇನ್ನೊಂದು ಕೈಯಿಂದ ತೊಡೆಗೆ ಚಟೀರೆಂದು ಬಿತ್ತು. "ಕಾಲಿನಲ್ಲಿ" ಎಂದೆ. ಮತ್ತೆ ಚಟೀರ್. "ಯಾವ ಕಾಲಿನಲ್ಲಿ?"

ಅಲ್ಲಿಗೆ ನನಗೆ ಹೊಳೆಯಿತು. ಅವರ ಕೈ ನನ್ನನ್ನು ಗೊತ್ತಾಗದಂತೆ ಎಡಕ್ಕೆ ವಾಲಿಸಿತ್ತು. ಭಾರವೆಲ್ಲ ಎಡಗಾಲಿನ ಮೇಲಿತ್ತು. ಭಾರ ಹೊತ್ತ ಕಾಲು ಕದಲಲಾರದು, ಹಿಂದಕ್ಕೆ ತೆಗೆಯಲು ಪುರಸೊತ್ತು ಸಿಗುವುದಿಲ್ಲ, ಹಿಡಿಯಬೇಕಾದದ್ದು ಅದನ್ನೇ. ಇಷ್ಟನ್ನು ನಾನು ಈಗ ಮೂರು ವಾಕ್ಯದಲ್ಲಿ ಬರೆದೆ. ಉಸ್ತಾದರು ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಹದಿನೈದು ದಿನ ಪ್ರತಿ ಬೆಳಗ್ಗೆ ಕತ್ತಿನ ಮೇಲೆ ಕೈ ಇಟ್ಟು ಅದೇ ಪ್ರಶ್ನೆ ಕೇಳಿದರು, ಅಷ್ಟೇ. ಇವತ್ತಿಗೂ ನಗರ ಬಸ್ಸಿನಲ್ಲಿ ನಿಂತವರನ್ನು ನೋಡಿದರೆ ಯಾರ ಭಾರ ಯಾವ ಕಾಲಿನ ಮೇಲಿದೆ ಎಂದು ಕಣ್ಣು ತಾನಾಗಿ ಹುಡುಕುತ್ತದೆ. ಬೇರೆ ಪಟ್ಟುಗಳೆಲ್ಲ ಮರೆತುಹೋಗಿವೆ.

ಹಾಲು ಸೋತ ಕಥೆ

ಗರಡಿಯ ಹೊರಗಿನ ಕಟ್ಟೆಯ ಮೇಲೆ ಇನ್ನೊಂದು ಗರಡಿ ಇತ್ತು. ಅಲ್ಲಿದ್ದವರು ಯಾರೂ ಲಂಗೋಟಿ ಕಟ್ಟಿದವರಲ್ಲ. ಬೀಡಿ ಸೇದುತ್ತ, ಗೋಡೆಗೆ ಅಂಟಿಸಿದ ಕುಸ್ತಿ ಪೋಸ್ಟರ್ ಓದುತ್ತ, ಯಾವ ಜೋಡಿಯಲ್ಲಿ ಯಾರು ಗೆಲ್ಲುತ್ತಾರೆ ಎಂದು ವಾದ ಮಾಡುವವರು. ಒಂದು ಗಂಟೆ ಕುಸ್ತಿ, ಅರ್ಧ ಗಂಟೆ ಕುಸ್ತಿ, ಸೋಲು ಗೆಲುವು ತೀರ್ಮಾನವಾಗುವವರೆಗೂ ನಡೆಯುವ ಮಾರ್ಫಿಟ್ ಕುಸ್ತಿ ಎಂದು ಪೋಸ್ಟರಿನಲ್ಲಿ ಹಾಕಿರುತ್ತಿದ್ದರಲ್ಲ, ಅದನ್ನು ನೋಡಿಯೇ ಜೋಡಿ ಕಟ್ಟಿದವನ ಬುದ್ಧಿಯನ್ನು ಅಳೆಯುತ್ತಿದ್ದರು. ಅವರಲ್ಲಿ ನಮ್ಮ ಓಣಿಯ ಹಾಲಿನವರೊಬ್ಬರು ಇದ್ದರು. ಗರಡಿಯ ದೊಡ್ಡ ಪೈಲ್ವಾನನಿಗೆ ದಿನವೂ ಒಂದು ಸೇರು ಎಮ್ಮೆ ಹಾಲನ್ನು ಬಿಟ್ಟಿ ಕೊಡುತ್ತಿದ್ದರು. ಆತ ಒಂದು ದಸರೆಯಲ್ಲಿ ಬೆಳಗಾವಿ ಕಡೆಯವನೊಬ್ಬನ ಕೈಯಲ್ಲಿ ಚಿತ್ತಾದಾಗ ಹಾಲಿನವರು ಕಟ್ಟೆಯ ಮೇಲೆ ಕುಳಿತು ತಲೆಗೆ ಕೈ ಕೊಟ್ಟು, "ನನ್ನ ಹಾಲು ಬಿದ್ದುಹೋಯಿತಲ್ಲಪ್ಪಾ" ಎಂದರು. ಪೈಲ್ವಾನ ಬಿದ್ದ ಎನ್ನಲಿಲ್ಲ. ಅವರ ಪ್ರಕಾರ ಅಖಾಡದಲ್ಲಿ ಅಂಗಾತ ಬಿದ್ದದ್ದು ಮೂರು ವರ್ಷದ ಸಾವಿರಕ್ಕೂ ಮಿಕ್ಕ ಸೇರು ಹಾಲು.

ಅಭಿಮಾನ ಎಂದರೆ ಆಗ ಹೀಗೆ ಖರ್ಚಿನ ಬಾಬತ್ತು. ಇದರಲ್ಲಿ ಹೊಸದೇನೂ ಇಲ್ಲ. 12ನೆಯ ಶತಮಾನದ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ಮಾನಸೋಲ್ಲಾಸದಲ್ಲಿ ಮಲ್ಲವಿನೋದ ಎಂದೇ ಒಂದು ಭಾಗ ಇಟ್ಟಿದ್ದಾನೆ. ಮಲ್ಲರನ್ನು ವಯಸ್ಸು, ಗಾತ್ರ, ಬಲ ನೋಡಿ ವಿಂಗಡಿಸುವುದು ಹೇಗೆ, ಅವರಿಗೆ ಅರಮನೆಯಿಂದ ಬೇಳೆ, ಮಾಂಸ, ಹಾಲು, ಸಕ್ಕರೆ, ಸಿಹಿತಿಂಡಿ ಏನೇನು ಹೋಗಬೇಕು ಎಂಬುದೆಲ್ಲ ಅದರಲ್ಲಿದೆ. ಮಲ್ಲರ ವಿಷಯ ಬರೆದವನು ಮಲ್ಲನಲ್ಲ, ಹಾಲು ಕೊಡುತ್ತಿದ್ದವನು. 1520ರ ಸುಮಾರಿಗೆ ವಿಜಯನಗರದ ಮಹಾನವಮಿ ನೋಡಿದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಅಲ್ಲಿಯ ಮಲ್ಲರ ಹೊಡೆತಕ್ಕೆ ಹಲ್ಲು ಮುರಿಯುವುದನ್ನೂ ಮುಖ ವಿಕಾರವಾಗುವುದನ್ನೂ ಬರೆದಿಟ್ಟಿದ್ದಾನೆ. ಅವನೂ ನನ್ನ ಹಾಗೆಯೇ ದಡದ ಮೇಲೆ ಕುಳಿತವನು. ಹಲ್ಲು ಮುರಿಸಿಕೊಂಡವನು ಏನೂ ಬರೆದಿಲ್ಲ. ಆ ಮಹಾನವಮಿಯ ಬಾಲ ಇವತ್ತಿಗೂ ನಮ್ಮ ಅರಮನೆಯ ತೊಟ್ಟಿಯಲ್ಲಿ ವಿಜಯದಶಮಿಯ ಬೆಳಗ್ಗೆ ಕಾಣುತ್ತದೆ. ತಲೆ ಬೋಳಿಸಿಕೊಂಡ ಜಟ್ಟಿಗಳು ಬೆರಳಿಗೆ ವಜ್ರಮುಷ್ಟಿ ಎಂಬ ಮೊನೆಗಳುಳ್ಳ ಆಯುಧ ತೊಟ್ಟು ಎದುರಾಗುತ್ತಾರೆ, ಒಬ್ಬನ ತಲೆಯಿಂದ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯಿತು. ಮೈಸೂರು, ಚಾಮರಾಜನಗರ, ಚನ್ನಪಟ್ಟಣ, ಬೆಂಗಳೂರುಗಳ ಜಟ್ಟಿ ಮನೆತನದವರಿಗೆ ಮಾತ್ರ ಸಲ್ಲುವ ಸೇವೆ ಅದು. ನನ್ನಂಥವನು ಎಷ್ಟು ಬಸ್ಕಿ ಹೊಡೆದರೂ ಅಲ್ಲಿಗೆ ಪ್ರವೇಶವಿಲ್ಲ. ಒಂದು ಸಲ ಹೇಗೋ ಪಾಸು ಸಂಪಾದಿಸಿ ಹೋಗಿದ್ದೆ. ಮುಂದಿದ್ದವರ ಭುಜಗಳ ನಡುವೆ ಸಂದು ಹುಡುಕಿ ಕತ್ತು ಚಾಚುವಷ್ಟರಲ್ಲಿ ಎಲ್ಲ ಮುಗಿದು, ಜನ ಚಪ್ಪಾಳೆ ತಟ್ಟುತ್ತಿದ್ದರು. ಹೊರಗೆ ಬಂದು ಮನೆಯವರಿಗೆ ಅರ್ಧ ಗಂಟೆ ವರ್ಣಿಸಿದೆ.

ಗಾಮಾನ ವಿಷಯದಲ್ಲೂ ಕಟ್ಟೆಯವರು ಹೀಗೆಯೇ. ಸಾವಿರಗಟ್ಟಲೆ ಬಸ್ಕಿ, ಬಕೆಟ್‌ಗಟ್ಟಲೆ ಹಾಲು, ಒಂದೊಂದು ಸಲ ಹೇಳಿದಾಗಲೂ ಲೆಕ್ಕ ಏರುತ್ತಿತ್ತು. ಎಲ್ಲರಿಗೂ ಅಚ್ಚುಮೆಚ್ಚಿನದು ಪಟಿಯಾಲದ ಕುಸ್ತಿ. 1928ರಲ್ಲಿ ಪೋಲೆಂಡಿನ ಜಿಬಿಸ್ಕೊನನ್ನು ಗಾಮಾ ಒಂದು ನಿಮಿಷದೊಳಗೆ ಕೆಡವಿದ್ದು. ಹಾಲಿನವರು ಎದ್ದು ನಿಂತು ಅದನ್ನು ಅಭಿನಯಿಸಿಯೇ ತೋರಿಸುತ್ತಿದ್ದರು. ಅದಕ್ಕೂ ಹಿಂದೆ 1910ರಲ್ಲಿ ಲಂಡನ್ನಿನಲ್ಲಿ ಇವರಿಬ್ಬರೇ ಎದುರಾಗಿದ್ದರು, ಎರಡೂವರೆ ಗಂಟೆಗೂ ಮೀರಿ ನಡೆದ ಆ ಕುಸ್ತಿಯ ಬಹುಪಾಲು ಜಿಬಿಸ್ಕೊ ಬೋರಲು ಮಲಗಿ ಮೇಲೇಳಲಿಲ್ಲ, ಕೊನೆಗೆ ಸಮ ಎಂದಾಯಿತು, ಮುಂದಿನ ವಾರ ಮತ್ತೆ ಕರೆದರೆ ಆತ ಬರಲೇ ಇಲ್ಲ ಎಂಬ ಭಾಗವನ್ನು ಕಟ್ಟೆಯ ಮೇಲೆ ಯಾರೂ ಹೇಳುತ್ತಿರಲಿಲ್ಲ. ನನಗೆ ಅದು ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಆ ಹೊತ್ತಿಗೆ ನಾನೇ ಒಬ್ಬ ಸಣ್ಣ ಜಿಬಿಸ್ಕೊ ಆಗಿ ಮುಗಿದಿತ್ತು.

ಪಾಂಡವಪುರದ ಆಚೆ

ಒಂಬತ್ತನೆಯ ತಿಂಗಳಲ್ಲಿ ಉಸ್ತಾದರು ನಮ್ಮನ್ನು ಐದು ಜನರನ್ನು ಪಾಂಡವಪುರದಾಚೆಯ ಒಂದು ಹಳ್ಳಿಯ ಹಬ್ಬದ ಕುಸ್ತಿಗೆ ಕರೆದುಕೊಂಡು ಹೋದರು. 1988, ನನಗೆ ಹದಿನಾರು. ಕೆರೆಯ ಏರಿಯ ಕೆಳಗೆ ಗದ್ದೆಯ ಬಯಲನ್ನು ಹದ ಮಾಡಿ ಅಖಾಡ ಕಟ್ಟಿದ್ದರು. ಗಾಳಿಯಲ್ಲಿ ಆಲೆಮನೆಯ ಬೆಲ್ಲದ ಪಾಕದ ವಾಸನೆ. ತಮಟೆಯವರು ಒಂದೇ ಸಮನೆ ಬಾರಿಸುತ್ತಿದ್ದರು. ನನಗೆ ಜೋಡಿಯಾಗಿ ಸಿಕ್ಕಿದವನು ಕಬ್ಬಿನ ಗಾಡಿ ಹೊಡೆಯುವ ಹುಡುಗ. ತೂಕದಲ್ಲಿ ಇಬ್ಬರೂ ಒಂದೇ ಎಂದು ಕಣ್ಣಳತೆಯಲ್ಲೇ ತೀರ್ಮಾನಿಸಿದ್ದರು. ಕೈ ಕೊಟ್ಟ ಕ್ಷಣದಲ್ಲೇ ಆ ಕಣ್ಣಳತೆ ತಪ್ಪು ಎಂದು ನನ್ನ ಮಣಿಕಟ್ಟಿಗೆ ಗೊತ್ತಾಯಿತು.

ಅವನು ನನ್ನ ಕತ್ತಿನ ಮೇಲೆ ಕೈ ಹಾಕಿದ. ಉಸ್ತಾದರು ಇಡುತ್ತಿದ್ದ ಜಾಗದಲ್ಲೇ. ಭಾರ ಎಲ್ಲಿದೆ ಎಂದು ಹುಡುಕಲು ಹೋಗುವಷ್ಟರಲ್ಲಿ ನಾನು ಮಣ್ಣಿನಲ್ಲಿದ್ದೆ. ಬೋರಲು. ಬೆನ್ನು ಮಣ್ಣಿಗೆ ತಾಗದಿದ್ದರೆ ಸೋಲಿಲ್ಲ ಎಂಬ ಒಂದು ನಿಯಮ ಮಾತ್ರ ಆ ಗಳಿಗೆಯಲ್ಲಿ ನೆನಪಿಗೆ ಬಂತು. ಮೊಣಕೈ ಪಕ್ಕೆಗೆ ಒತ್ತಿ, ಕಾಲು ಅಗಲಿಸಿ, ಗದ್ದವನ್ನು ಎದೆಗೆ ಸೇರಿಸಿ ಆಮೆಯ ಹಾಗೆ ಮಲಗಿಬಿಟ್ಟೆ. ಅವನು ಲಂಗೋಟಿ ಹಿಡಿದು ಎತ್ತಿದ, ಮಂಡಿಯನ್ನು ಕತ್ತಿನ ಮೇಲೆ ಊರಿದ, ಮುಖವನ್ನು ಮಣ್ಣಿಗೆ ಉಜ್ಜಿದ. ಮೂಗಿನೊಳಗೆ, ಬಾಯೊಳಗೆ, ರೆಪ್ಪೆಯ ಕೆಳಗೆ ಮಣ್ಣು. ಎರಡು ಕೈಗಳಲ್ಲೂ ನೆಲವನ್ನು ಬಾಚಿ ಹಿಡಿದಿದ್ದೆ. ಯಾರೋ ಒಬ್ಬ ಯಜಮಾನರು ದಡದಿಂದ ಕೂಗಿದರು: "ಏನಪ್ಪಾ, ಗೆಣಸು ನೆಟ್ಟಿದ್ದೀಯಾ ಅಲ್ಲಿ?" ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ತಮಟೆಯವರೂ ಬಾರಿಸುವುದನ್ನು ನಿಲ್ಲಿಸಿ ನಕ್ಕರು ಎನ್ನುವುದು ನನ್ನ ನೆನಪು, ಅದು ನಿಜವೋ ನಾನು ಸೇರಿಸಿಕೊಂಡದ್ದೋ ಹೇಳಲಾರೆ. ಹತ್ತು ನಿಮಿಷ ಮುಗಿಯಿತು. ಸಮ ಎಂದು ಇಬ್ಬರ ಕೈಯನ್ನೂ ಎತ್ತಿದರು. ಮೂವತ್ತು ರೂಪಾಯಿಯ ಬಹುಮಾನದಲ್ಲಿ ತಲಾ ಹದಿನೈದು, ಒಂದೊಂದು ತೆಂಗಿನಕಾಯಿ.

ನನಗೆ ಹೆಮ್ಮೆಯೇ ಆಗಿತ್ತು ಎಂದು ಒಪ್ಪಿಕೊಳ್ಳಬೇಕು. ಸೋತಿರಲಿಲ್ಲವಲ್ಲ. ವಾಪಸು ಬರುವಾಗ ಶ್ರೀರಂಗಪಟ್ಟಣದಲ್ಲಿ ಬಸ್ಸು ಬದಲಿಸುವ ಕಡೆ ಉಸ್ತಾದರು ಎಲ್ಲರಿಗೂ ಚಹಾ, ಬನ್ನು ಕೊಡಿಸಿದರು. ಗೆದ್ದವರ ಬೆನ್ನು ತಟ್ಟಿದರು, ಸೋತ ಇಬ್ಬರಿಗೆ ತಪ್ಪಿದ್ದೆಲ್ಲಿ ಎಂದು ಅಲ್ಲೇ ರಸ್ತೆಯ ಪಕ್ಕ ಕೈ ಹಿಡಿದು ತೋರಿಸಿದರು. ನನಗೆ ಏನೂ ಹೇಳಲಿಲ್ಲ. ಮರುದಿನ ಬೆಳಗ್ಗೆ ಗರಡಿಯ ಬಾಗಿಲಲ್ಲಿ ಬಗ್ಗಿ ಒಳಗೆ ಹೋದರೆ ನನ್ನ ಕೈಗೆ ಗುದ್ದಲಿ ಕೊಟ್ಟು, "ಅಗೆ" ಎಂದರು. ಅದರ ಮರುದಿನವೂ ಅಗೆ. ವಾರಗಟ್ಟಲೆ ಅಗೆ. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದು ಮತ್ತೆ ಎದ್ದವು. ಇದು ಶಿಕ್ಷೆ ಎಂದು ನಾನು ತಿಳಿದೆ. ನೆಲವನ್ನು ತಬ್ಬಿದವನಿಗೆ ನೆಲವೇ ಗತಿ ಎಂದು ಅವರು ಊರಿಗೆಲ್ಲ ತೋರಿಸುತ್ತಿದ್ದಾರೆ ಎಂದು ಒಳಗೊಳಗೇ ಕುದಿದೆ. ಪಿ.ಯು.ಸಿ. ಓದು ಎಂಬ ನೆಪ ಕೈಯಲ್ಲೇ ಇತ್ತು. ಹತ್ತು ತಿಂಗಳು ತುಂಬಿದ ದಿನ ಹೋಗುವುದನ್ನು ನಿಲ್ಲಿಸಿದೆ. ಹೇಳಿ ಬರಲೂ ಇಲ್ಲ. ಮುಂದಿನ ಮೂವತ್ತು ಚಿಲ್ಲರೆ ವರ್ಷ ದಡದಲ್ಲಿ ಕುಳಿತು ಕೂಗಿದ್ದೇನೆ.

ಬಣ್ಣದ ಪಟ್ಟಿ

ಮಗಳು ಕುವೆಂಪುನಗರದಲ್ಲಿ ಕರಾಟೆ ಕಲಿಯುತ್ತಾಳೆ. ಅವಳದು ಈಗ ಹಸಿರು ಬೆಲ್ಟು. ಬೆಲ್ಟ್ ಪರೀಕ್ಷೆಯ ಶುಲ್ಕ ಕಟ್ಟುವಾಗ ಪ್ರತಿ ಸಲವೂ ನಾನು ಗೊಣಗುತ್ತೇನೆ, ಗರಡಿಯಲ್ಲಿ ಲಂಗೋಟಿಗೆ ಯಾವ ಬಣ್ಣವಿತ್ತು ಎಂದು ವ್ಯಂಗ್ಯವಾಡುತ್ತೇನೆ. ಅವಳಿಗೆ ಅದು ಹಳೆಯ ಹಾಡು. ಬೆಲ್ಟುಗಳೇನೂ ಸಾವಿರಾರು ವರ್ಷದ ಸಂಪ್ರದಾಯವಲ್ಲ. ಜುಡೊ ಕಟ್ಟಿದ ಕಾನೊ ಜಿಗೊರೊ 1880ರ ದಶಕದಲ್ಲಿ ದರ್ಜೆಗಳನ್ನು ತಂದರು. ಕರಾಟೆಯಲ್ಲಿ ಫುನಾಕೋಶಿ ಗಿಚಿನ್ ಮೊದಲ ಕಪ್ಪು ಬೆಲ್ಟುಗಳನ್ನು ಕೊಟ್ಟದ್ದು 1924ರಲ್ಲಿ. ನಡುವಿನ ಬಣ್ಣಗಳು ಹೆಚ್ಚಿಕೊಂಡದ್ದು ಜುಡೊ ಯುರೋಪಿಗೆ ಹೋದ ಮೇಲೆ. ಬಿಳಿ ಬೆಲ್ಟು ಒಗೆಯದೆ ಕೊಳೆಯಾಗುತ್ತ ಆಗುತ್ತ ಕಪ್ಪಾಯಿತು ಎಂಬ ಕಥೆಯನ್ನು ಮಗಳ ತರಗತಿಯ ಪೋಷಕರೊಬ್ಬರು ಭಕ್ತಿಯಿಂದ ಹೇಳಿದರು. ಕಟ್ಟೆ ಎಲ್ಲಿದ್ದರೂ ಕಟ್ಟೆಯೇ.

ಗೊಣಗುವುದು ನನ್ನ ಹಕ್ಕು, ಆದರೆ ಆ ತರಗತಿಯಲ್ಲಿ ಕೂತು ನೋಡುವಾಗ ಹೊಟ್ಟೆಯುರಿಯೂ ಆಗುತ್ತದೆ. ಅಲ್ಲಿಯ ಮೇಷ್ಟ್ರು ಕಾರಣ ಕೊಡುತ್ತಾರೆ. ಸೊಂಟ ಯಾಕೆ ಮೊದಲು ತಿರುಗಬೇಕು, ಹಿಮ್ಮಡಿ ಯಾಕೆ ನೆಲ ಬಿಡಬಾರದು ಎಂದು ಹತ್ತು ವರ್ಷದ ಮಕ್ಕಳಿಗೂ ಬಿಡಿಸಿ ಹೇಳುತ್ತಾರೆ. ನನಗೆ ಯಾರಾದರೂ ಹೀಗೆ ಹೇಳಿದ್ದರೆ ಎಂದುಕೊಳ್ಳುತ್ತೇನೆ. ನನ್ನ ಗರಡಿಗೆ ಮಗಳನ್ನು ಕರೆದೊಯ್ಯುವ ಮಾತಂತೂ ಆಗ ಇರಲೇ ಇಲ್ಲ, ಆ ಸೊಂಟದೆತ್ತರದ ಬಾಗಿಲು ಹೆಂಗಸರಿಗೆ ಇನ್ನೂ ಗಿಡ್ಡದಾಗಿತ್ತು. ದಸರೆಯಲ್ಲಿ ಈಗ ಹೆಣ್ಣುಮಕ್ಕಳೂ ಆಡುತ್ತಾರೆ, ದಸರಾ ಕೇಸರಿ, ದಸರಾ ಕುಮಾರರ ಜೊತೆಗೆ ದಸರಾ ಕಿಶೋರಿಯೂ ಇದ್ದಾಳೆ.

ನನ್ನ "ಹ್ಞೂ" ಎಲ್ಲಿಂದ ಬಂತು ಎಂದು ಹೊಳೆದದ್ದು ಮಗಳ ಮಾತಿನಿಂದ. ನೆಂಟರ ಮನೆಯಲ್ಲಿ ಯಾರೋ "ನಿನಗೆ ಕರಾಟೆ ಬರುತ್ತದಾ?" ಎಂದರು. "ಹಸಿರು ಬೆಲ್ಟ್‌ವರೆಗೆ" ಎಂದಳು. ಎಷ್ಟು ಸಲೀಸಾದ, ಎಷ್ಟು ಪ್ರಾಮಾಣಿಕವಾದ ಉತ್ತರ. ನಾಳೆ ಅವಳು ಬಿಟ್ಟರೂ ಆ ಉತ್ತರ ಸುಳ್ಳಾಗುವುದಿಲ್ಲ. ಗರಡಿಯಲ್ಲಿ ನನಗೆ ಅಂಥ ಮಾತೇ ಇಲ್ಲ. ಪೈಲ್ವಾನ, ಇಲ್ಲವೇ ಪೈಲ್ವಾನನಲ್ಲ. ಹತ್ತು ತಿಂಗಳು ಹೋಗಿ, ಕತ್ತಿನ ಮೇಲಿನ ಕೈಯ ಭಾರ ಕಲಿತು, ಒಮ್ಮೆ ಗೆಣಸು ನೆಟ್ಟು, ಹೇಳದೆ ಬಿಟ್ಟುಬಂದವನನ್ನು ಏನೆಂದು ಕರೆಯುತ್ತಾರೆ? ಸೋಮೇಶ್ವರ ದೊರೆಯ ವಿಂಗಡಣೆಯಲ್ಲಿ ನನಗೊಂದು ಮೂಲೆ ಸಿಗುತ್ತಿತ್ತೇನೋ. ದಡದಲ್ಲಿ ಕುಳಿತವರಿಗೇ ಇಂಥ ವಿಂಗಡಣೆ ಬೇಕಾಗುವುದು ಎಂದೂ ಒಮ್ಮೊಮ್ಮೆ ಅನಿಸುತ್ತದೆ. ಉಸ್ತಾದರು ಯಾರನ್ನೂ ಯಾವ ದರ್ಜೆಯಲ್ಲೂ ಇಟ್ಟದ್ದು ನನಗೆ ನೆನಪಿಲ್ಲ.

ಅಗೆತ

ಈ ವರ್ಷ ಶ್ರಾವಣದಲ್ಲಿ ಒಂದು ಬೆಳಗ್ಗೆ ನಡೆದುಕೊಂಡು ಆ ಓಣಿಗೆ ಹೋದೆ. ಗರಡಿ ಇದೆ. ಅಕ್ಕಪಕ್ಕ ಮೂರಂತಸ್ತಿನ ಮನೆಗಳು ಎದ್ದು ಅದು ಇನ್ನೂ ಕೆಳಕ್ಕೆ ಇಳಿದ ಹಾಗೆ ಕಾಣುತ್ತದೆ. ಕಟ್ಟೆ ಇಲ್ಲ, ಅಲ್ಲಿ ಸ್ಕೂಟರ್‌ಗಳು ನಿಂತಿವೆ. ಬಗ್ಗಿದ್ದು ಸಾಲದೆ ಹಣೆ ಬಾಗಿಲಿಗೆ ತಗುಲಿತು. ಉಸ್ತಾದರು ಹೋಗಿ ಬಹಳ ವರ್ಷಗಳಾಗಿವೆ ಎಂದು ಕೇಳಿದ್ದೆ. ಅವರ ಮಗ ಇದ್ದರು, ನನಗಿಂತ ನಾಲ್ಕೈದು ವರ್ಷ ಹಿರಿಯರು, ಕಿವಿ ಅಪ್ಪನದೇ. ಒಳಗೆ ಐವರು ಹುಡುಗರು. ಮೂಲೆಯಲ್ಲಿ ಸುತ್ತಿಟ್ಟ ನೀಲಿ ಮ್ಯಾಟು. ಸರ್ಕಾರಿ ಪಂದ್ಯಗಳಿಗೆ ಅದು ಬೇಕೇ ಬೇಕು, ಆದರೆ ಹಾಸಲು ಜಾಗವಿಲ್ಲ ಎಂದರು. ಗಾಮಾನ ಪಟ ಹಾಗೆಯೇ ಇದೆ, ಗಾಜು ಮಾತ್ರ ಹೊಸದು.

ಗುರುತು ಹೇಳಿಕೊಂಡೆ. ಪಾಂಡವಪುರದ ಕುಸ್ತಿ, ಗೆಣಸು, ಗುದ್ದಲಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಕೊನೆಗೆ, ಇಷ್ಟು ವರ್ಷ ಎದೆಯಲ್ಲಿ ಇಟ್ಟುಕೊಂಡಿದ್ದ ಪ್ರಶ್ನೆ ಕೇಳಿಯೇಬಿಟ್ಟೆ: "ಅಣ್ಣಾ, ಉಸ್ತಾದರು ನನಗೆ ಅಷ್ಟು ದಿನ ಯಾಕೆ ಅಗೆಸಿದರು?"

ಅವರು ನನ್ನನ್ನು ಒಂದು ಗಳಿಗೆ ನೋಡಿದರು. "ಎಲ್ಲರಿಗೂ ಅಗೆಸುತ್ತಿದ್ದರಲ್ಲ. ಮೊದಲ ಕುಸ್ತಿ ಆಡಿ ಬಂದ ಮೇಲೆ ಒಂದು ತಿಂಗಳು ಅಗೆತ. ಹಿಡಿತ ಗಟ್ಟಿಯಾಗಲಿ ಎಂದು. ನನಗೂ ಅಗೆಸಿದ್ದಾರೆ. ನಿಮಗೆ ಗೊತ್ತಿರಲಿಲ್ಲವಾ?"

ಗೊತ್ತಿರಲಿಲ್ಲ. ಬೆಳಗ್ಗೆ ಐದೂಕಾಲಿಗೆ ಬರುತ್ತಿದ್ದವನಿಗೆ ಐದಕ್ಕೆ ಯಾರು ಅಗೆಯುತ್ತಿದ್ದರೆಂದು ಹೇಗೆ ಗೊತ್ತಾಗಬೇಕು? ನನ್ನ ಪ್ರಕಾರ ಎಷ್ಟು ದಿನ ಅಗೆದಿದ್ದೆ ಎಂದು ಅವರು ಕೇಳಿದರು. ಮೂರು ವಾರ ಎಂದೆ. "ಹಾಗಾದರೆ ಒಂದು ವಾರ ಬಾಕಿ ಇದೆ" ಎಂದು ನಕ್ಕರು. ಅದನ್ನು ತಮಾಷೆಗೇ ಹೇಳಿದ್ದು. ಆದರೆ ಗುದ್ದಲಿ ಗೋಡೆಗೆ ಒರಗಿಕೊಂಡೇ ಇತ್ತು. ಅಂಗಿ ಬಿಚ್ಚಿ ಮೊಳೆಗೆ ಸಿಕ್ಕಿಸಿದೆ, ಪ್ಯಾಂಟನ್ನು ಮಂಡಿಯವರೆಗೆ ಮಡಚಿದೆ, ಚಪ್ಪಲಿ ಹೊರಗೇ ಬಿಟ್ಟಿದ್ದೆ. ಮೊದಲ ನಾಲ್ಕು ಏಟು ಚೆನ್ನಾಗಿ ಬಿದ್ದವು. ಮಣ್ಣು ಒಳಗೆ ತಣ್ಣಗಿತ್ತು, ಒಡೆದ ಹೆಂಟೆಯಿಂದ ಮಜ್ಜಿಗೆಯ ವಾಸನೆ ಬಂತು. ಹತ್ತನೆಯ ಏಟಿಗೆ ಸೊಂಟ ಮಾತಾಡತೊಡಗಿತು. ಇಪ್ಪತ್ತಕ್ಕೆ ಉಸಿರು ಎಳೆದುಕೊಳ್ಳುತ್ತ ಗುದ್ದಲಿಯ ಕಾವಿಗೆ ಒರಗಿ ನಿಂತೆ. ಭಾರವೆಲ್ಲ ಎಡಗಾಲಿನ ಮೇಲಿತ್ತು.

ಬಸ್ಕಿ ಹೊಡೆಯುತ್ತಿದ್ದ ಹುಡುಗರಲ್ಲಿ ಎಲ್ಲರಿಗಿಂತ ಚಿಕ್ಕವನು ನಿಲ್ಲಿಸಿ, ನಾನು ಅಗೆದ ಜಾಗವನ್ನು ಒಂದು ಸುತ್ತು ನೋಡಿ, ಕಿಟಕಿಯ ಕಡೆಗೆ ಬೆರಳು ತೋರಿಸಿದ.

"ಅಂಕಲ್, ಆ ಮೂಲೆ ಬಿಟ್ಟಿದ್ದೀರಿ."